ಉಚ್ಚಂಗೆವ್ವ ಹೊತ್ತ ಹರಕೆ

ಹಲಗೇರಿಯ ಉಚ್ಚಂಗೆವ್ವ ಯಾವುದನ್ನೂ ಸುಲಭಕ್ಕೆ ನಂಬುವ ಪೈಕಿ ಅಲ್ಲ. ಹಾಲಿನವನ ಹಾಲಿಗೆ ಬೆರಳು ಅದ್ದಿ ನೋಡುವಳು, ಬಸ್ಸಿನ ಟಿಕೆಟ್ಟನ್ನು ತಿರುವಿ ತಿರುವಿ ನೋಡುವಳು, ಸ್ವಂತ ಮಗ ಪರಮೇಶಪ್ಪ ಊಟ ಸಾಕೆಂದರೆ ಹೊರಗೆ ಎಲ್ಲಿ ತಿಂದು ಬಂದನೋ ಎಂದು ಯೋಚಿಸುವಳು. ಹೀಗಾಗಿ ಸೊಸೆ ಸುಶೀಲವ್ವನ ಕೆಮ್ಮಿನ ಮೇಲೆ ಮನೆಯಲ್ಲಿ ಮೊದಲು ಸಂಶಯ ಬಂದದ್ದು ಅವಳಿಗೇ. ಸೊಸೆಯ ತವರು ಬ್ಯಾಡಗಿ. ಮೆಣಸಿನಕಾಯಿ ಪೇಟೆಯ ಆ ಊರಿನಲ್ಲಿ ಕೆಮ್ಮನ್ನು ಯಾರೂ ರೋಗವೆಂದು ಎಣಿಸುವುದಿಲ್ಲ. ಸುಶೀಲವ್ವನೂ ಎಣಿಸಲಿಲ್ಲ.

"ತವರಿಂದ ತಂದ ಕೆಮ್ಮು ಬಿಡ್ರಿ ಅತ್ತಿ," ಎಂದು ನಗುತ್ತಿದ್ದಳು.

"ಇಪ್ಪತ್ತೈದ ವರ್ಷ ಆದ ಮ್ಯಾಲ ನೆನಪ ಆತೇನ ಅದಕ್ಕ?" ಎಂದು ಅತ್ತೆ ಕೇಳುತ್ತಿದ್ದಳು.

ಅದು ಎರಡು ಸಾವಿರದ ಒಂಬತ್ತರ ಮಳೆಗಾಲ. ಕೆಮ್ಮು ಹೋಗಲಿಲ್ಲ. ರಾಣೆಬೆನ್ನೂರಿನ ಡಾಕ್ಟರೊಬ್ಬರು ಟಿಬಿ ಇರಬಹುದೆಂದು ಗುಳಿಗೆ ಬರೆದುಕೊಟ್ಟರು. ಉಚ್ಚಂಗೆವ್ವ ಅಂದೇ ಸೊಸೆಯ ತಾಟು, ಲೋಟ ಬೇರೆ ಇಟ್ಟಳು. ಚಹಾದ ಕಪ್ಪುಗಳೆಲ್ಲ ಒಂದೇ ತರಹ ಇದ್ದವು. ಹಾಗಾಗಿ ಸೊಸೆಯ ಕಪ್ಪಿನ ಹಿಡಿಕೆಗೆ ಕೆಂಪು ಉಣ್ಣೆಯ ದಾರ ಬಿಗಿದಳು.

ಆ ದಾರಕ್ಕೆ ಅವರ ಮನೆಯಲ್ಲಿ ಬರವಿರಲಿಲ್ಲ. ಅವರದು ಬೀಜದ ಬೆಳೆ. ರಾಣೆಬೆನ್ನೂರಿನ ಒಂದು ಕಂಪನಿಗೆ ಹೈಬ್ರಿಡ್ ಮೆಣಸಿನಕಾಯಿಯ ಬೀಜ ಬೆಳೆದುಕೊಡುತ್ತಿದ್ದರು. ಒಂದು ಜಾತಿಯ ಹೂವಿಗೆ ಇನ್ನೊಂದು ಜಾತಿಯ ಹೂವಿನ ಪುಡಿಯನ್ನು ಕೈಯಿಂದಲೇ ಮುಟ್ಟಿಸಿ, ಮುಟ್ಟಿಸಿದ ಗುರುತಿಗೆ ಕೆಂಪು ದಾರ ಸುತ್ತುವುದು. ಸುತ್ತಲಿನ ಊರುಗಳಲ್ಲೆಲ್ಲ ಇದಕ್ಕೆ ಕ್ರಾಸಿಂಗ್ ಎನ್ನುತ್ತಾರೆ. ಸಾಲಿನಲ್ಲಿ ಒಂದು ಗಿಡ ಬೇರೆ ಬಗೆಯಾಗಿ ಎದ್ದಿತೆಂದರೆ ಅದು ಬೆರಕೆ. ಕಂಪನಿಯವರು ಬೀಜ ಬಿತ್ತಿ ನೋಡಿ, ಬೆರಕೆ ಕಂಡರೆ ಇಡೀ ಮಾಲನ್ನೇ ವಾಪಸ್ಸು ಕಳಿಸುತ್ತಾರೆ. ಒಂದು ವರ್ಷ ಹಾಗೆ ತಿರುಗಿ ಬಂದ ಚೀಲಗಳು ಪಡಸಾಲೆಯಲ್ಲಿ ಬಿದ್ದದ್ದನ್ನು ನೋಡಿದ ಮೇಲೆ, ಬೆರಕೆ ಗಿಡ ಹುಡುಕಿ ಕೀಳುವ ಕೆಲಸವನ್ನು ಉಚ್ಚಂಗೆವ್ವ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ.

ಟಿಬಿ ಗುಳಿಗೆಯಿಂದ ಏನೂ ಆಗಲಿಲ್ಲ. ದೀಪಾವಳಿ ಮುಗಿಸಿ ಪರಮೇಶಪ್ಪ ಹೆಂಡತಿಯನ್ನು ಹುಬ್ಬಳ್ಳಿಗೆ ಕರೆದೊಯ್ದ. ಮಗಳು ಸುಚಿತ್ರಾ ಜೊತೆಗೆ ಹೋದಳು. ಅಲ್ಲಿ ಎದೆಯೊಳಗಿಂದ ಒಂದು ಚೂರು ತೆಗೆದು ಪರೀಕ್ಷೆ ಮಾಡಿ, ಟಿಬಿ ಅಲ್ಲ, ಶ್ವಾಸಕೋಶದ ಕ್ಯಾನ್ಸರ್ ಎಂದರು. ಅಳುವುದನ್ನೆಲ್ಲ ಬಸ್ಸಿನಲ್ಲೇ ಮುಗಿಸಿ ಮೂವರೂ ಮನೆಗೆ ಬಂದರು. ಸುಶೀಲವ್ವ ಮುಖ ತೊಳೆದು ಒಳಗೆ ಹೋಗಿ ಮಲಗಿದಳು.

ರೊಟ್ಟಿ ಬಡಿಯುತ್ತಿದ್ದ ಉಚ್ಚಂಗೆವ್ವನ ಕೈ ನಿಂತಿತು. "ಬೀಡಿ ಮುಟ್ಟಲಾರದ ಹೆಣ್ಮಗಳಿಗೆ ಅದು ಹ್ಯಾಂಗ ಬಂತೋ? ನಿಮ್ಮಪ್ಪ ಸಾಯೂಮಟ ಬೀಡಿ ಸೇದಿದ. ಆತಗ ಬರಲಿಲ್ಲ."

"ಸೇದಲಾರದವ್ರಿಗೂ ಬರತೈತಿ ಅಂದ್ರು ಬೇ," ಎಂದ ಪರಮೇಶಪ್ಪ, ತಾಟಿನಲ್ಲಿ ರೊಟ್ಟಿ ಮುರಿಯುತ್ತ.

ಸುಚಿತ್ರಾ ಅಜ್ಜಿಯ ಪಕ್ಕ ಕುಳಿತಳು. ಇಪ್ಪತ್ತೆರಡರ ಹುಡುಗಿ, ಡಿಗ್ರಿ ಮುಗಿಸಿದವಳು, ಡಾಕ್ಟರ ಮಾತನ್ನು ಒಂದೂ ಬಿಡದೆ ಕೇಳಿಸಿಕೊಂಡು ಬಂದಿದ್ದಳು.

"ಅಜ್ಜೀ, ಆ ಚೂರನ್ನ ಇನ್ನೊಂದ ಪರೀಕ್ಷಾಕ್ಕ ಮುಂಬೈಗೆ ಕಳಸಬೇಕು. ಕ್ಯಾನ್ಸರ್ ಗಡ್ಡಿಯೊಳಗಿನ ಜೀನ್‌ದಾಗ ಒಂದ ಬದಲಾವಣಿ ಐತೇನು ಅಂತ ನೋಡತಾರ. ಇದ್ರ ಅವ್ವಗ ದಿನಾ ಒಂದ ಗುಳಿಗಿ ಸಾಕು. ಅಂಥವ್ರು ಮನಿ ಕೆಲಸ ಮಾಡಿಕೊಂಡ ವರ್ಷಗಟ್ಟಲೆ ಇದ್ದಾರಂತ. ಬೀಡಿ ಸೇದಲಾರದ ಹೆಂಗಸರಿಗೆ ಅದು ಇರೋದು ಹೆಚ್ಚಂತ. ಇಲ್ಲಾಂದ್ರ ಸಲೈನ್ ಹಚ್ಚಿ ಔಷಧ ಕೊಡಬೇಕು. ಅದರ ಮ್ಯಾಲ ಅಷ್ಟ ಭರೋಸಾ ಇಲ್ಲ."

"ಜೀನ್ ಅಂದ್ರ? ಬೀಜದ ಕಂಪನಿ ಮನುಷ್ಯಾ ಮೈಲಾರಲಿಂಗ ಬಂದು ಬೀಜದ ಜೀನ್ ಕೆಟ್ಟೈತಿ ಅಂದನಲ್ಲ, ಅದ?"

"ಅದ. ಆದ್ರ ಇದು ಹಂಗಲ್ಲ ಅಜ್ಜಿ. ಹುಟ್ಟತ ಬಂದಿದ್ದಲ್ಲ. ಗಡ್ಡಿಯೊಳಗಷ್ಟ ಆಗಿರತೈತಿ. ಮಕ್ಕಳಿಗೆ ಬರೂದಿಲ್ಲ ಅಂತ ಡಾಕ್ಟರ್ ಎರಡ ಸಲ ಹೇಳಿದ್ರು."

"ಎರಡ ಸಲ ಯಾಕ ಹೇಳಿದ್ರು?"

ಸುಚಿತ್ರಾ ಅಜ್ಜಿಯ ಮುಂದಿನ ರೊಟ್ಟಿ ತೆಗೆದು ಹಂಚಿಗೆ ಹಾಕಿದಳು.

"ಇಷ್ಟ ವರ್ಷ ಬೀಜ ಬೆಳದೇನಿ," ಎಂದಳು ಉಚ್ಚಂಗೆವ್ವ. "ಬೆರಕಿ ಇದ್ರ ಚೊಲೋ ಅನ್ನಾವ್ರನ್ನ ಇವತ್ತ ಮೊದಲ ಸಲ ಕೇಳಾಕತ್ತೇನಿ. ಗುಳಿಗಿ ಮಾರಾವ್ರು ಇನ್ನೇನ ಹೇಳ್ಯಾರು?"

ಊಟವಾದ ಮೇಲೆ ಮಗನನ್ನು ಹಿತ್ತಲಿಗೆ ಕರೆದಳು. ಸುಚಿತ್ರಾಳ ಸಂಬಂಧ ಅಗಡಿಯಲ್ಲಿ ಕುದುರಿತ್ತು. ಹುಡುಗ ವೀರೇಂದ್ರ ಹಾವೇರಿಯಲ್ಲಿ ಪಂಪಿನ ಸುಟ್ಟ ಮೋಟರಿಗೆ ತಂತಿ ಸುತ್ತಿಕೊಡುವ ಅಂಗಡಿ ಇಟ್ಟಿದ್ದ, ದಿನಾ ಅಗಡಿಯಿಂದ ಹೋಗಿಬರುತ್ತಿದ್ದ. ನಿಶ್ಚಯ ಕಾರ್ಯಕ್ಕೆ ಇನ್ನೊಂದು ತಿಂಗಳಿಗೆ ದಿನ ಗೊತ್ತಾಗಿತ್ತು.

"ಜೀನ್ ಕೆಟ್ಟೈತಿ ಅಂತ ಅಚ್ಚು ಹಾಕಿದ ಕಾಗದ ಒಂದ ಬರಲಿ, ಅಗಡಿಯವ್ರು ಮಾಲು ವಾಪಸ್ ಕಳಸತಾರ. ಕಾರ್ಯ ಮುಗೀಲಿ. ಆಮ್ಯಾಲ ಕಳಸು ಚೂರ."

"ಡಾಕ್ಟರ್ ಲಗೂ ಮಾಡ್ರಿ ಅಂದಾರ ಬೇ. ಆ ಕಾಗದ ಬರೂಮಟ ಯಾವ ಔಷಧ ಅಂತ ತಿಳಿಯಂಗಿಲ್ಲ."

"ಮಳಿಗಾಲ ಪೂರಾ ಸುಳ್ಳ ಟಿಬಿ ಗುಳಿಗಿ ನುಂಗಿಸಿದ್ರು. ಅವಾಗ ಯಾರಿಗೂ ಅವಸರ ಇರಲಿಲ್ಲ. ಮಗಳ ಹಣೇಬಾರ ನೋಡು ಮೊದಲ."

ಪರಮೇಶಪ್ಪ ಒಳ್ಳೆಯ ಮನುಷ್ಯ, ಆದರೆ ತಾಯಿಯ ಎದುರು ಅವನ ಒಳ್ಳೆಯತನ ಉಪಯೋಗಕ್ಕೆ ಬರುತ್ತಿರಲಿಲ್ಲ. ಆಯಿತೆಂದು ತಲೆಯಾಡಿಸಿದ. ಚೂರು ಮುಂಬೈಗೆ ಹೋಗಿದೆ ಎಂದು ಮಗಳಿಗೆ ಹೇಳುವುದೆಂದಾಯಿತು. ಇಬ್ಬರೂ ಒಳಗೆ ಬಂದರೆ ಸುಶೀಲವ್ವ ಎದ್ದು ಹಿತ್ತಲ ಬಾಗಿಲಿಗೆ ಹತ್ತಿರವೇ ನಿಂತಿದ್ದಳು, ಕೈಯಲ್ಲಿ ದಾರ ಕಟ್ಟಿದ ಕಪ್ಪು.

"ಚಾ ಮಾಡ್ಲೇನ್ರಿ ಅತ್ತಿ?" ಎಂದಳು.

ಕೇಳಿಸಿಕೊಂಡಳೋ ಇಲ್ಲವೋ ಎಂಬ ಸಂಶಯ ಉಚ್ಚಂಗೆವ್ವನನ್ನು ಆ ವಾರವೆಲ್ಲ ಕಾಡಿತು.

ಆದರೆ ಅದಕ್ಕಿಂತ ದೊಡ್ಡ ಸಂಶಯ ಬೇರೆಯಿತ್ತು. ಬೆರಕೆಯಾದರೆ ಬೀಜದಲ್ಲೇ ಆಗಿರಬೇಕು, ಬೀಜ ಬಂದದ್ದು ಬ್ಯಾಡಗಿಯಿಂದ. ಸೊಸೆಯ ತಾಯಿ ಹೇಗೆ ಸತ್ತಳು? ಸಂಬಂಧ ಕೂಡಿಸುವಾಗ ಅದನ್ನು ಸರಿಯಾಗಿ ಕೇಳಲೇ ಇಲ್ಲವಲ್ಲ ಎಂದು ತನ್ನನ್ನೇ ಬೈದುಕೊಂಡು, ಒಂದು ಮುಂಜಾನೆ ಯಾರಿಗೂ ಹೇಳದೆ ರಾಣೆಬೆನ್ನೂರಿನಲ್ಲಿ ಪ್ಯಾಸೆಂಜರ್ ಗಾಡಿ ಹತ್ತಿದಳು.

ಸುಶೀಲವ್ವನ ಅಣ್ಣ ವಿರೂಪಾಕ್ಷಪ್ಪನದು ಮೆಣಸಿನಕಾಯಿ ದಲಾಲಿ ಅಂಗಡಿ. ಅವನು ಮನೆಯಲ್ಲಿರದ ಹೊತ್ತು ನೋಡಿಯೇ ಹೋಗಿದ್ದಳು. ಅಂಗಳದಲ್ಲಿ ಕುಲ್ಸುಮಬಿ ಎಂಬ ಹಳೆಯ ಕೆಲಸದಾಕೆ ಕಾಯಿಯ ರಾಶಿಯ ಮುಂದೆ ಕುಳಿತು ತೊಟ್ಟು ಮುರಿಯುತ್ತಿದ್ದಳು. ಉಚ್ಚಂಗೆವ್ವ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು, ಅದು ಇದು ಮಾತಾಡಿ, ಮೆಲ್ಲಗೆ ಕೇಳಿದಳು.

"ನಮ್ಮ ಸೊಸಿ ಅವ್ವ ಕೆಮ್ಮಿ ಕೆಮ್ಮಿ ಸತ್ಲು ಅಂತಾರಲ್ಲವಾ, ಖರೇ?"

"ಯಾರ ಅಂದ್ರು? ಕಾಮಣಿ ಆಗಿ, ಕಣ್ಣು ಮೈಯೆಲ್ಲಾ ಹಳದಿ ಆಗಿ ತೀರಿಕೊಂಡ್ರು ಅಮ್ಮಾ ಅವ್ರು. ನಾನ ಸೊಪ್ಪಿನ ಔಷಧ ತಂದ ಕೊಟ್ಟಿದ್ದೆ. ಕೆಮ್ಮು ಅಂದ್ರ ಅದು ಇಲ್ಲಿ ಎಲ್ಲಾರಿಗೂ ಐತಿ. ನೋಡ್ರಿ, ನೀವೂ ಕೆಮ್ಮಾಕತ್ತೀರಿ."

ಹೌದು, ಉಚ್ಚಂಗೆವ್ವ ಸೆರಗು ಬಾಯಿಗೆ ಒತ್ತಿಕೊಂಡು ಕೆಮ್ಮುತ್ತಿದ್ದಳು, ಕಣ್ಣಲ್ಲಿ ಧಾರಾಕಾರ ನೀರು. ಉತ್ತರ ಇಷ್ಟು ಬೇಗ ಬಂತಲ್ಲ, ಮೊದಲೇ ಕಲಿಸಿಟ್ಟಿದ್ದಾರೇನು ಎಂದು ಕೆಮ್ಮಿನ ನಡುವೆಯೂ ಯೋಚಿಸಿದಳು. ಅಷ್ಟರಲ್ಲಿ ವಿರೂಪಾಕ್ಷಪ್ಪ ಬಂದೇಬಿಟ್ಟ. ಬೀಗತಿ ಬಂದದ್ದೇಕೆಂದು ತಿಳಿಯಲು ಅವನಿಗೆ ಹೊತ್ತು ಹಿಡಿಯಲಿಲ್ಲ. ಚಹಾ ತರಿಸಿದ, ಅದನ್ನು ಕುಡಿಯುವ ತನಕ ಕಾದ, ಆಮೇಲೆ ಮಾತಾಡಿದ.

"ನಮ್ಮ ತಂಗಿ ನಮ್ಮನ್ಯಾಗ ಇದ್ದದ್ದು ಇಪ್ಪತ್ತ ವರ್ಷ. ನಿಮ್ಮನ್ಯಾಗ ಇದ್ದದ್ದು ಅದಕ್ಕಿಂತ ಹೆಚ್ಚು. ಒಲಿ ಊದಿದ್ದು ನಿಮ್ಮಲ್ಲಿ. ಗಿಡಕ್ಕ ಔಷಧ ಹೊಡದಿದ್ದು ನಿಮ್ಮ ಹೊಲದಾಗ. ನಿಮ್ಮ ಯಜಮಾನ್ರು ಮೈಲಾರೆಪ್ಪನವ್ರು ಕದಾ ಹಾಕ್ಕೊಂಡು ಬೀಡಿ ಎಳೀತಿದ್ರಲ್ಲ, ಅವ್ರ ಪಕ್ಕ ಕೂತು ಕಾಲ ಒತ್ತಿದಾಕಿ ಯಾರು? ನಾ ಏನಾರ ಕೇಳೇನೇನು?"

ಉಚ್ಚಂಗೆವ್ವ ಎದ್ದು ಬಂದಳು. ರೈಲಿನಲ್ಲಿ ಕಿಟಕಿ ಪಕ್ಕ ಕುಳಿತಾಗ ಗಂಡನ ಕೊನೆಯ ವರ್ಷಗಳು ಕಣ್ಣ ಮುಂದೆ ಬಂದವು. ಚಳಿಗೆ ಬಾಗಿಲು ಮುಚ್ಚಿದ ನಡುಮನೆ, ಮುಸುಕಿದ ಹೊಗೆ, ಕಾಲು ಒತ್ತುತ್ತ ಕುಳಿತ ಸೊಸೆ. ಆ ಕೆಲಸ ತಾನು ಮಾಡಬೇಕಿತ್ತು, ಹೊಗೆ ಆಗದೆಂದು ಸೊಸೆಗೆ ವಹಿಸಿದ್ದಳು. ಆ ನೆನಪು ಅವಳಿಗೆ ಸೇರಲಿಲ್ಲ. ವಿರೂಪಾಕ್ಷಪ್ಪ ತನ್ನ ಮನೆಯ ತಪ್ಪು ಮುಚ್ಚಲು ಹಾಗೆ ಅಂದ ಎಂದು ತೀರ್ಮಾನಿಸಿ ರಾಣೆಬೆನ್ನೂರಿನಲ್ಲಿ ಇಳಿದಳು.

ನಿಶ್ಚಯ ಕಾರ್ಯ ಹಾವೇರಿಯ ಒಂದು ಸಣ್ಣ ಮಂಗಳ ಕಾರ್ಯಾಲಯದಲ್ಲಿ ನಡೆಯಿತು. ಸುಶೀಲವ್ವ ಇಳಕಲ್ ಸೀರೆ ಉಟ್ಟು, ಯಾಲಕ್ಕಿ ಬಾಯಲ್ಲಿಟ್ಟುಕೊಂಡು, ಕೆಮ್ಮು ಬಂದಾಗಲೆಲ್ಲ ಉಗುಳು ನುಂಗುತ್ತ ಕುಳಿತಿದ್ದಳು. ಕುಪ್ಪಸದ ತೋಳು ಸಡಿಲಾಗಿ ಜೋತಾಡುತ್ತಿತ್ತು. ವೀರೇಂದ್ರನ ತಾಯಿ ಸುಧಾರಾಣಿ ಅವಳನ್ನೇ ನೋಡುತ್ತಿದ್ದುದು ಉಚ್ಚಂಗೆವ್ವನ ಕಣ್ಣಿಗೆ ಬಿತ್ತು.

"ಬೀಗತಿ ಭಾಳ ಸೊರಗ್ಯಾರಲ್ರಿ," ಎಂದಳು ಸುಧಾರಾಣಿ.

"ಮಗಳ ಮದವಿ ಚಿಂತಿರಿ. ಅನ್ನ ಸೇರವಲ್ದು," ಎಂದಳು ಉಚ್ಚಂಗೆವ್ವ ಥಟ್ಟನೆ.

ಸುಧಾರಾಣಿ ಒಳಗೆ ಹೋಗಿ ಒಂದು ಲೋಟ ಬಿಸಿನೀರು ತಂದು ಸುಶೀಲವ್ವನ ಕೈಗೆ ಕೊಟ್ಟು, ಪಕ್ಕದಲ್ಲಿ ಕುಳಿತು ಬೆನ್ನ ಮೇಲೆ ಕೈ ಇಟ್ಟಳು. ಬಿಸಿನೀರೇ ಏಕೆ ತಂದಳು? ಇವಳಿಗೆ ಯಾರು ಏನು ಹೇಳಿದರು? ಎದುರಿಗೆ ಸುಚಿತ್ರಾ ಮೊಬೈಲು ಹಿಡಿದು ಯಾರೊಂದಿಗೋ ಪಿಸುಗುಡುತ್ತಿದ್ದಳು. ಈ ಹುಡುಗಿಯ ಪಿಸುಮಾತು ಈಚೆಗೆ ಹೆಚ್ಚಾಗಿದೆ ಎಂದು ಉಚ್ಚಂಗೆವ್ವ ಅದನ್ನೂ ಮನಸ್ಸಿನಲ್ಲಿ ಇಟ್ಟುಕೊಂಡಳು.

ಕಾರ್ಯ ಮುಗಿದ ಮರುದಿನ ಪರಮೇಶಪ್ಪ ಹುಬ್ಬಳ್ಳಿಗೆ ಹೋಗಿ ಚೂರನ್ನು ಮುಂಬೈಗೆ ಕಳಿಸುವ ವ್ಯವಸ್ಥೆ ಮಾಡಿದ. ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂದು ಡಾಕ್ಟರು ಬೈದರು. ಮನೆಯಲ್ಲಿ ತೊಂದರೆ ಇತ್ತೆಂದು ತಲೆ ತಗ್ಗಿಸಿದ. ಅದೇ ಸಂಜೆ ಉಚ್ಚಂಗೆವ್ವ ದೇವರ ಗೂಡಿನ ಮುಂದೆ ದೀಪ ಹಚ್ಚಿ, ತನ್ನ ಹೆಸರಿನ ಮನೆದೇವತೆಗೆ ಕೈಮುಗಿದಳು. "ಉಚ್ಚಂಗೆಮ್ಮ ತಾಯಿ, ಆ ಬದಲಾವಣಿ ಇಲ್ಲ ಅಂತ ಬರಲಿ. ನನ್ನ ಮೊಮ್ಮಗಳ ಬಾಳೇವು ಕೆಡದಿರಲಿ. ಐದ ಮಂದಿ ಮುತ್ತೈದೇರಿಗೆ ಹೋಳಿಗಿ ಊಟ ಹಾಕಿ ಉಡಿ ತುಂಬಸತೇನಿ."

ಅವಳು ಕೆಟ್ಟವಳಲ್ಲ. ಆ ದಿನಗಳಲ್ಲಿ ಸುಶೀಲವ್ವನಿಗೆ ರೊಟ್ಟಿ ಬಡಿಯುವಷ್ಟು ಉಸಿರು ನಿಲ್ಲುತ್ತಿರಲಿಲ್ಲ. ಮುದುಕಿಯೇ ಎದ್ದು ಬಡಿದಳು. ಸೊಸೆಗೆಂದು ಹುರುಳಿ ಕುದಿಸಿ ಕಟ್ಟು ಬಸಿದು, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟು ಕುಡಿಸಿದಳು. ಸಂಜೆ ಬೆನ್ನಿಗೆ ಎಣ್ಣೆ ತಿಕ್ಕಿದಳು. ಟಿಬಿ ಅಲ್ಲವೆಂದು ತಿಳಿದ ಮೇಲೂ ಕಪ್ಪಿನ ದಾರ ಮಾತ್ರ ಬಿಚ್ಚಲಿಲ್ಲ.

"ಇದು ಅಂಟೂದಿಲ್ಲ ಅಜ್ಜಿ," ಎಂದು ಸುಚಿತ್ರಾ ದಾರಕ್ಕೆ ಕೈ ಹಾಕಿದಳು ಒಂದು ದಿನ.

"ಇರಲಿ ಬಿಡ. ಯಾವದಕ್ಕೂ ಇರಲಿ."

"ಬಿಡ ತಂಗಿ," ಎಂದಳು ಸುಶೀಲವ್ವ ಗೋಡೆಗೆ ಒರಗಿಕೊಂಡೇ. "ನನ್ನ ಕಪ್ಪು ಯಾವದು ಅಂತ ನನಗೂ ಲಗೂ ಸಿಗತೈತಿ."

ಎಳ್ಳಮಾವಾಸ್ಯೆಯ ಹೊತ್ತಿಗೆ ರಿಪೋರ್ಟ್ ಬಂದಿದೆ ಎಂದು ಹುಬ್ಬಳ್ಳಿಯಿಂದ ಫೋನು ಬಂತು. ಗಂಡಹೆಂಡಿರು, ಮಗಳು ಮತ್ತೆ ಹೋದರು. ಉಚ್ಚಂಗೆವ್ವ ಕಟ್ಟೆಯ ಮೇಲೆ ಕುಳಿತೇ ಇದ್ದಳು. ಮೂವರೂ ಆಟೋದಿಂದ ಇಳಿಯುವ ಮೊದಲೇ ಕೇಳಿದಳು.

"ಬಂತೇನೋ?"

"ಬಂತು ಬೇ."

"ಆ ಬದಲಾವಣಿ?"

"ಇಲ್ಲ," ಎಂದ ಪರಮೇಶಪ್ಪ. ಅಷ್ಟೇ ಹೇಳಿ, ನೀರೂ ಕುಡಿಯದೆ ಹೊಲದ ಕಡೆ ನಡೆದ.

ಉಚ್ಚಂಗೆವ್ವ ಎರಡೂ ಕೈ ಎತ್ತಿ ಮುಗಿದಳು. ಮೊಮ್ಮಗಳು ತಾಯಿಯ ತೋಳು ಹಿಡಿದು ಒಳಗೆ ಕರೆದೊಯ್ಯುವಾಗ ಅಜ್ಜಿಯ ಮುಖ ನೋಡಲಿಲ್ಲ. ದಣಿದಿದ್ದಾರೆ ಎಂದುಕೊಂಡಳು.

ಮುಂದಿನ ಶುಕ್ರವಾರಕ್ಕೆ ಹರಕೆ ಇಟ್ಟುಕೊಂಡಳು. ಪಕ್ಕದ ಮನೆಯ ಉಡಚವ್ವ ಸೇರಿ ನಾಲ್ವರನ್ನು ಕರೆದಳು, ಐದನೆಯವಳು ಮನೆಯ ಸೊಸೆ. ಉಡಿ ತುಂಬಬೇಕಾದದ್ದೂ ಸೊಸೆಯೇ. ಅತ್ತೆ ಗಂಡ ಸತ್ತವಳು, ಅವಳ ಕೈಯಿಂದ ಉಡಿ ತುಂಬುವ ರೂಢಿ ಆ ಕಡೆ ಇಲ್ಲ. ಸುಚಿತ್ರಾ ಹೂರಣ ರುಬ್ಬಲು ಒಲ್ಲೆನೆಂದು ಹಟ ಹಿಡಿದಳು.

"ನಾ ರುಬ್ಬೂದಿಲ್ಲ. ಯಾವ ಸಂತೋಷಕ್ಕ ಹೋಳಿಗಿ?"

"ರುಬ್ಬ ತಂಗಿ," ಎಂದಳು ಸುಶೀಲವ್ವ. "ಅಜ್ಜಿ ಹರಕಿ ಐತಿ. ತೀರ್ಲಿ. ನೀ ಬಾಯಿ ಬಿಡಬ್ಯಾಡ, ನನ್ನಾಣಿ."

ಇವರಿಬ್ಬರೂ ಏನನ್ನೋ ಮುಚ್ಚಿಡುತ್ತಿದ್ದಾರೆ ಎಂದು ಒಲೆಯ ಮುಂದಿದ್ದ ಉಚ್ಚಂಗೆವ್ವನಿಗೆ ಅನ್ನಿಸಿತು. ಆದರೆ ಅಂದು ಅವಳ ಸಂತೋಷ ದೊಡ್ಡದಿತ್ತು, ಸಂಶಯವನ್ನು ಪಕ್ಕಕ್ಕೆ ಸರಿಸಿದಳು.

ನಾಲ್ವರೂ ಬಂದು ಸಾಲಾಗಿ ಕುಳಿತರು. ಸುಶೀಲವ್ವ ಒಬ್ಬೊಬ್ಬರಿಗೂ ಅರಿಷಿಣ ಕುಂಕುಮ ಹಚ್ಚಿ, ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಎಲೆ ಅಡಕೆ, ಕುಪ್ಪಸದ ಖಣ ಸೆರಗಿಗೆ ಹಾಕಿದಳು. ಇಬ್ಬರಿಗೆ ತುಂಬಿ ಗೋಡೆ ಹಿಡಿದು ನಿಂತಳು, ಉಸಿರು ಎಳೆದುಕೊಂಡು ಮತ್ತೆ ಇಬ್ಬರಿಗೆ ತುಂಬಿದಳು. ಕೊನೆಗೆ ಉಡಚವ್ವ ಅವಳನ್ನು ಕೂರಿಸಿ ಅವಳ ಉಡಿ ತುಂಬಿದಳು. ಊಟವಾಯಿತು. ಉಳಿದ ಮೂವರು ಕೈತೊಳೆದು ಹೋದರು. ಉಡಚವ್ವ ಎಲೆ ಅಡಕೆ ಹಾಕಿಕೊಳ್ಳುತ್ತ ಕೇಳಿದಳು.

"ಯಾವ ಹರಕಿ ಉಚ್ಚಂಗೆವ್ವಾ ಇದು?"

"ನಮ್ಮ ಸೊಸಿ ರಿಪೋರ್ಟ್ ಸ್ವಚ್ಛ ಬಂತವಾ. ಜೀನ್‌ದಾಗ ಬದಲಾವಣಿ ಐತೇನೋ ಅಂತ ನೋಡಿದ್ರು, ಇಲ್ಲಂತ. ತಾಯಿ ನನ್ನ ಮಾತ ನಡಸಿಕೊಟ್ಲು."

ಎಲೆ ಎತ್ತುತ್ತಿದ್ದ ಸುಚಿತ್ರಾ ತಿರುಗಿ ನಿಂತಳು.

"ಅಜ್ಜೀ, ನೀ ಬೇಡಿಕೊಂಡಿದ್ದು ಇದನ್ನ?"

"ಸುಚಿತ್ರಾ!" ಎಂದಳು ಸುಶೀಲವ್ವ.

"ಇಲ್ಲವ್ವಾ, ಇನ್ನ ನನ್ನ ಕಡಿಂದ ಆಗೂದಿಲ್ಲ. ಅಜ್ಜಿ, ಬದಲಾವಣಿ ಇದ್ರ ಅವ್ವ ಉಳೀತಿದ್ಲು. ಗುಳಿಗಿ ತಗೊಂಡು ವರ್ಷಗಟ್ಟಲೆ ಇರತಿದ್ಲು. ಮೊದಲ ದಿನಾನ ನಿನಗ ಹೇಳಿದ್ನಲ್ಲ! ಇಲ್ಲ ಅಂತ ಬಂತು. ಗುಳಿಗಿ ನಡಿಯಂಗಿಲ್ಲ. ಸಲೈನೂ ಈಗ ತಡ ಆಗೇತಿ, ಎದಿಯೊಳಗ ನೀರ ತುಂಬೇತಿ. ಒಂದ ತಿಂಗಳ ಮೊದಲ ಬರಬೇಕಿತ್ತು ಅಂದ್ರು ಡಾಕ್ಟರ್."

"ನಿನ್ನ ಸಂಬಂಧ..." ಎಂದಳು ಉಚ್ಚಂಗೆವ್ವ. "ಅಗಡಿಯವ್ರಿಗೆ ಗೊತ್ತಾದ್ರ..."

"ವೀರೇಂದ್ರಗ ನಾನ ಹುಬ್ಬಳ್ಳಿ ಬಸ್ ಸ್ಟ್ಯಾಂಡಿನ್ಯಾಗಿಂದ ಫೋನ್ ಮಾಡಿ ಹೇಳಿದ್ದೆ. ಕ್ಯಾನ್ಸರ್ ಅಂದ ದಿನಾನ. ಅವರವ್ವಗೂ ಗೊತ್ತೈತಿ. ಹಾವೇರ್ಯಾಗ ಬಿಸಿನೀರ ತಂದ ಕೊಟ್ಟಿದ್ದು ಯಾಕ ಅಂತ ತಿಳಕೊಂಡಿ?"

ಉಡಚವ್ವ ಮೆಲ್ಲಗೆ ಎದ್ದು ಚಪ್ಪಲಿ ಮೆಟ್ಟಿಕೊಂಡು ಹೋದಳು. ಉಚ್ಚಂಗೆವ್ವ ಬಾಗಿಲಲ್ಲಿ ನಿಂತ ಮಗನ ಕಡೆ ನೋಡಿದಳು.

"ಖರೇನೋ?"

ಪರಮೇಶಪ್ಪ ಹೌದೆಂದು ತಲೆಯಾಡಿಸಿ, ಹೆಗಲ ವಸ್ತ್ರದಿಂದ ಕಣ್ಣೊರೆಸಿಕೊಂಡ. ಉಚ್ಚಂಗೆವ್ವನಿಗೆ ಅಂದು, ಬಹುಶಃ ಹುಟ್ಟಿದ ಮೇಲೆ ಮೊದಲ ಸಲ, ಕೇಳಿದ ಮಾತಿನ ಮೇಲೆ ಸಂಶಯವೇ ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು ಎನ್ನಿಸಿತು. ಅಲ್ಲೇ ನೆಲದ ಮೇಲೆ ಕುಳಿತಳು.

ಸುಶೀಲವ್ವ ತುಂಬಿದ ಉಡಿಯನ್ನು ಎರಡೂ ಕೈಯಲ್ಲಿ ಹಿಡಿದು ಎದ್ದು ಬಂದು ಅತ್ತೆಯ ಮುಂದೆ ಬಗ್ಗಿ ನಮಸ್ಕರಿಸಿದಳು. ಬಗ್ಗಿದವಳಿಗೆ ಏಳಲು ಆಗಲಿಲ್ಲ, ಅಲ್ಲೇ ಕುಳಿತಳು.

"ನನಗ ಎಲ್ಲಾ ಗೊತ್ತಿತ್ರಿ ಅತ್ತಿ. ಹಿತ್ತಲದಾಗ ಮಾತಾಡಿದ್ದೂ ಕೇಳಿದ್ದೆ. ಮಗಳ ಸಲುವಾಗಿ ಅಂತ ನಾನೂ ಸುಮ್ಕಿದ್ದೆ." ಉಸಿರಿಗಾಗಿ ನಿಂತಳು. "ಈಗ ಮದವಿ ಒಂದ ಲಗೂ ಇಟ್ಟಬಿಡ್ರಿ. ನಾ ಇರೂದ್ರಾಗ."

"ನಾ ಏನ ಬೇಡಿಕೊಂಡ್ನೆ ನನ್ನವ್ವಾ," ಎಂದಳು ಉಚ್ಚಂಗೆವ್ವ. ಸೊಸೆಯ ತಲೆಯನ್ನು ಎದೆಗೆ ಒತ್ತಿಕೊಂಡು ಅತ್ತಳು, ಗಂಡ ಸತ್ತಾಗಲೂ ಹಾಗೆ ಅತ್ತಿರಲಿಲ್ಲ.

ಸಂಜೆ ದೇವರ ಗೂಡಿನ ಮುಂದೆ ಹೋಗಿ ಕುಳಿತಳು. ಹೋಳಿಗೆಯ ನೈವೇದ್ಯ ಇಟ್ಟಲ್ಲೇ ಇತ್ತು. ತಾಯೀ, ಅದು ಬ್ಯಾಡ, ವಾಪಸ್ ತಗೋ ಎನ್ನಬೇಕೆಂದಿದ್ದಳು. ಆದರೆ ಹರಕೆ ತೀರಿಹೋಗಿತ್ತು, ಸೊಸೆ ತನ್ನ ಕೈಯಾರೆ ತೀರಿಸಿದ್ದಳು. ತೀರಿದ ಹರಕೆಯನ್ನು ವಾಪಸ್ಸು ಪಡೆಯುವುದು ಹೇಗೆಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಒಳಗೆ ಸುಶೀಲವ್ವ ಕೆಮ್ಮತೊಡಗಿದಳು. ಉಚ್ಚಂಗೆವ್ವ ಎದ್ದು, ಕೈಗೆ ಸಿಕ್ಕ ತನ್ನ ತಂಬಿಗೆಯಲ್ಲೇ ನೀರು ತುಂಬಿಕೊಂಡು ಒಳಗೆ ಹೋದಳು.